ನೀಲಿ, ಕೆಂಪು, ಬೂದು: ಜಗಲಿ ಮೇಲೆ ಮೂರು ಪಡೆ

ತೀರ್ಥಹಳ್ಳಿಯ ಹತ್ತಿರ ನಮ್ಮ ಮನೆ. ಜಡಿಮಳೆ ಹಿಡಿಯಿತೆಂದರೆ ನಾನೂ ಭಾವನೂ ಜಗಲಿಯಲ್ಲಿ ವಾರ್‌ಹ್ಯಾಮರ್ 40,000 ಎಂಬ ಗೊಂಬೆ ಸೈನಿಕರ ಯುದ್ಧದಾಟ ಆಡಲು ಕೂರುತ್ತೇವೆ. ಪ್ಲಾಸ್ಟಿಕ್ ಸೈನಿಕರು, ದಾಳ, ಇಂಚು ಟೇಪು, ಪಾಳುಬಿದ್ದ ಕಟ್ಟಡಗಳಿಗೆ ಕತ್ತರಿಸಿದ ಅಡಿಕೆ ಹಾಳೆ. ಸ್ಪೇಸ್ ಮರೀನ್‌ಗಳ ಮೂರು ಬಣಗಳಿಗೆ ನಾನೇ ಬಣ್ಣ ಬಳಿದು ಆಡಿ ನೋಡಿದ್ದೇನೆ.

ಕಥೆಯಲ್ಲಿ ಮೂವರೂ ಒಂದೇ ಜಾತಿಯ ಯೋಧರು. ಎರಡು ಹೃದಯ, ಮೂರು ಶ್ವಾಸಕೋಶ. ಬುದ್ಧಿ ಮಾತ್ರ ಬೇರೆ ಬೇರೆ.

ನೀಲಿಯವರು ಅಲ್ಟ್ರಾಮರೀನ್‌ಗಳು. ಇವರ ಮೂಲಪುರುಷ ಗಿಲಿಮನ್ ಯುದ್ಧಕ್ಕೊಂದು ನಿಯಮದ ಗ್ರಂಥವನ್ನೇ ಬರೆದ. ಪಡೆಯಲ್ಲಿ ಸುಮಾರು 1000 ಜನ, 10 ತುಕಡಿ. ಎಲ್ಲಾ ಲೆಕ್ಕಾಚಾರ. ನಾನು ಇವರನ್ನು ಆಡಿಸಿದ್ದು ಗ್ಲೇಡಿಯಸ್ ಎಂಬ ನಿಯಮಗಳ ಕಟ್ಟಿನಲ್ಲಿ. ಓಡಿ ಗುಂಡು ಹೊಡೆಯುವುದು, ಹಿಂದೆ ಸರಿದೂ ಹೊಡೆಯುವುದು, ಓಡಿ ಮೇಲೆ ಬೀಳುವುದು: ಮೂರು ತಂತ್ರ, ಒಂದು ಆಟದಲ್ಲಿ ಒಂದೊಂದನ್ನು ಒಂದೇ ಸಲ ಬಳಸಬಹುದು. ತಪ್ಪು ಮಾಡಿದರೂ ಸರಿಪಡಿಸಿಕೊಳ್ಳಲು ದಾರಿ ಇರುತ್ತದೆ. ನೀಲಿ ಬಣ್ಣವೂ ಹಾಗೇ, ಎರಡು ಸಲ ಬಳಿದರೆ ಕೂತುಬಿಡುತ್ತದೆ. ನಿಜ ಹೇಳಬೇಕೆಂದರೆ ಸ್ವಲ್ಪ ಸಪ್ಪೆ. ಉಪ್ಪಿನಕಾಯಿ ಇಲ್ಲದ ಗಂಜಿ ಊಟ.

ಕೆಂಪಿನವರು ಬ್ಲಡ್ ಏಂಜಲ್ಸ್. ನನ್ನ ಪ್ರಾಣ ಇಲ್ಲಿದೆ. ನೋಡಲು ದೇವತೆಗಳ ಹಾಗೆ, ಒಳಗೆ ರಕ್ತದ ದಾಹ. ಹುಚ್ಚು ತಲೆಗೇರಿದವರ ಕವಚಕ್ಕೆ ಕಪ್ಪು ಬಳಿದು, ಕೆಂಪು ಗೀಟು ಎಳೆದು, ಸಾಯುವವರ ತುಕಡಿಗೆ ಸೇರಿಸುತ್ತಾರೆ. ಇವರು ನುಗ್ಗಿದರೆ ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದ ಹಾಗೆ. ಆದರೆ ನುಗ್ಗಬೇಕಲ್ಲ! ಬೆನ್ನಿಗೆ ರಾಕೆಟ್ ಕಟ್ಟಿದವರು ಆಕಾಶದಿಂದ ಇಳಿಯುವುದು ವೈರಿಯಿಂದ 9 ಇಂಚಿಗಿಂತ ಆಚೆ. ಮೇಲೆ ಬೀಳಲು ಎರಡು ದಾಳ ಸೇರಿ 9 ಅಥವಾ ಅದಕ್ಕಿಂತ ಹೆಚ್ಚು ಬರಬೇಕು. 36 ಸಾಧ್ಯತೆಗಳಲ್ಲಿ 10 ಮಾತ್ರ ನಮ್ಮ ಪರ. ಕಳೆದ ಆಷಾಢದಲ್ಲಿ ಮೂರು ತುಕಡಿ ಇಳಿಸಿದೆ. ಮೂರಕ್ಕೂ 7ರ ಮೇಲೆ ಬೀಳಲಿಲ್ಲ. ಬಯಲಲ್ಲಿ ನಿಂತ ಹತ್ತತ್ತು ಜನರನ್ನು ಭಾವ ನಗುನಗುತ್ತಾ ಗುಂಡಿಟ್ಟು ಮಲಗಿಸಿದ. ಅತ್ತೆ ಒಳಗಿಂದ 'ಏನ್ರೋ ಅದು ಗಲಾಟೆ' ಅಂದರು. ಬಣ್ಣದ ಕಷ್ಟ ಬೇರೆ. ಕಪ್ಪು ಪ್ರೈಮರ್, ಅಂದರೆ ತಳಬಣ್ಣದ ಮೇಲೆ ಕೆಂಪು ಕೂರುವುದೇ ಇಲ್ಲ. ಮೊದಲು ಕಂದು ಬಳಿಯಿರಿ, ಆಮೇಲೆ ಕೆಂಪು. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಮುಟ್ಟಲೇಬೇಡಿ, ಥಂಡಿಗೆ ಮರಳು ಎರಚಿದ ಹಾಗಾಗುತ್ತದೆ. ಬ್ರಷ್ಷೇ ವಾಸಿ.

ಬೂದು ಬಣ್ಣದ ಸ್ಪೇಸ್ ವುಲ್ಫ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಿಲಿಮನ್‌ನ ಗ್ರಂಥಕ್ಕೆ ಸೊಪ್ಪು ಹಾಕದವರು, 10 ತುಕಡಿ ಬದಲು 12 ದೊಡ್ಡ ಪಡೆ. ಕೈಕೈ ಮಿಲಾಯಿಸುವುದರಲ್ಲಿ ಕೆಂಪಿನವರಿಗೆ ಸಾಟಿ, ಹುಚ್ಚು ಕಡಿಮೆ. ಆದರೆ ಪ್ರತಿಯೊಬ್ಬನ ಮೇಲೂ ತೋಳದ ಚರ್ಮ, ಕೋರೆಹಲ್ಲು, ಜಡೆ, ಗಡ್ಡ. ಒಬ್ಬನನ್ನು ಮುಗಿಸಲು ಒಂದು ಸಂಜೆ ಬೇಕು.

ಹೊಸಬರಿಗೆ ನೀಲಿಯೇ ಸರಿ. ಸೋತರೂ ಪರವಾಗಿಲ್ಲ ಅನ್ನುವವರಿಗೆ ಕೆಂಪು. ಬೂದು ಪಡೆ ಈಗ ಭಾವನ ಪಾಲಾಗಿದೆ. ಅವರ ಫೆನ್ರಿಸ್ ಹಿಮದ ಲೋಕ ಅಲ್ವಾ ಅಂತ ಕಾಲಡಿಗೆ ಅಡುಗೆ ಸೋಡಾ ಅಂಟಿಸಿದ್ದೆ. ಎರಡು ಮಳೆಗಾಲಕ್ಕೆ ಹಳದಿ ತಿರುಗಿತು. ಭಾವ ಅದನ್ನು ಕೆರೆದು, ಬಾವಿಕಟ್ಟೆಯ ಪಾಚಿ ಒಣಗಿಸಿ ಹಚ್ಚಿದ್ದಾನೆ. ತೋಳಗಳು ಆಗುಂಬೆಗೇ ಬಂದಿಳಿದಂತಿವೆ.