ಪರಿಚಯ ಮಾಡಿಸುವವರಿಗೆ ಪಾಲು ಬರೆದುಕೊಡಬೇಡಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹೊಸದಾಗಿ ಸ್ಟಾರ್ಟಪ್ ಶುರು ಮಾಡಿ ಬಿಸಿನೆಸ್ ಪಾರ್ಟ್ನರ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೈಯಿಂದ ಒಂದು ರೂಪಾಯಿ ಹಾಕದೆ, "ದೊಡ್ಡವರ ಪರಿಚಯ ಐತಿ" ಅನ್ನುವ ಮಾತಿನ ಮೇಲೆ ಪಾಲು ಕೇಳುವವರು ನೆಟ್‌ವರ್ಕಿಂಗ್ ಸಭೆಗಳಲ್ಲಿ ಸಿಕ್ಕೇ ಸಿಗುತ್ತಾರೆ. ಅಂಥ ಒಬ್ಬರನ್ನು ಸೇರಿಸಿಕೊಂಡು ಒಂದು ಒಳ್ಳೆಯ ಉದ್ಯಮ ಹೇಗೆ ಹಾಳಾಯಿತು ಅನ್ನುವುದು ಇಲ್ಲಿದೆ. ಹೆಸರು ಬೇಡ. ಮೋಸ ನಡೆದ ರೀತಿ ತಿಳಿದರೆ ಸಾಕು.

ಇಬ್ಬರು ಗೆಳೆಯರು ಬ್ಯಾಡಗಿಯಿಂದ ಮೆಣಸಿನಕಾಯಿ ತಂದು, ಹುಬ್ಬಳ್ಳಿಯಲ್ಲಿ ಪುಡಿ ಮಾಡಿಸಿ, 100 ಮತ್ತು 200 ಗ್ರಾಂ ಪ್ಯಾಕೆಟ್‌ನಲ್ಲಿ ಮಾರುತ್ತಿದ್ದರು. ಬ್ಯಾಡಗಿ ಕಾಯಿಯ ಎರಡು ತಳಿ ಡಬ್ಬಿ, ಕಡ್ಡಿ ಎರಡೂ ಬೆರೆಸಿದ ಪುಡಿ, ಬಣ್ಣ ಹಾಕುತ್ತಿರಲಿಲ್ಲ. ಊರಲ್ಲಿ ಗಿರಾಕಿಗಳಿದ್ದರು, ಬೇಕಾಗಿದ್ದದ್ದು ಬೆಂಗಳೂರು, ಪುಣೆಯ ಸೂಪರ್‌ಮಾರ್ಕೆಟ್. ಗೋಕುಲ ರೋಡಿನ ಹೋಟೆಲ್ ಒಂದರಲ್ಲಿ ನಡೆದ ಬಿಸಿನೆಸ್ ಮೀಟ್‌ನಲ್ಲಿ ಸಿಕ್ಕ ವ್ಯಕ್ತಿ, "ಅಲ್ಲೆಲ್ಲಾ ನಮ್ ಮಂದೀನ ಅದಾರ, ಮಾಲ್ ಎತ್ತಿಸೋದು ನನಗ ಬಿಡ್ರಿ" ಅಂದ. ಬದಲಿಗೆ ಕೇಳಿದ್ದು ಮೂರರಲ್ಲಿ ಒಂದು ಪಾಲು. ಸ್ಟಾಂಪ್ ಪೇಪರ್ ಮೇಲೆ ಪಾಲುದಾರಿಕೆ ಪತ್ರ ಆಯಿತು, ನೋಟರಿ ಆಯಿತು, ಮೂವರೂ ಸಹಿ ಹಾಕಿದರು. ಫರ್ಮ್ ನೋಂದಣಿ ಮಾತ್ರ "ಮುಂದ ಮಾಡಿಸಿದರಾತು" ಅಂತ ಉಳಿದುಹೋಯಿತು.

ಸೂಪರ್‌ಮಾರ್ಕೆಟ್ ಆರ್ಡರ್ ಒಂದೂ ಬರಲಿಲ್ಲ. ಆ ವ್ಯಕ್ತಿ ಫರ್ಮಿನ ಲೆಟರ್‌ಹೆಡ್ ಹಿಡಿದು ಬ್ಯಾಡಗಿಯ ದಲಾಲರ ಹತ್ತಿರ ಕ್ವಿಂಟಲ್‌ಗಟ್ಟಲೆ ಕಾಯಿ ಉದ್ರಿ ಎತ್ತಿದ. ಮೊದಲೆರಡು ಸಲ ಹೇಳಿದ ದಿನಕ್ಕೆ ರೊಕ್ಕ ಕೊಟ್ಟು ನಂಬಿಕೆ ಗಳಿಸಿದ. ಆಮೇಲೆ ದೊಡ್ಡ ಲೋಡ್ ಎತ್ತಿ, ಬೇರೆ ಕಡೆ ನಗದಿಗೆ ಮಾರಿ, ಫೋನ್ ಎತ್ತುವುದನ್ನೇ ಬಿಟ್ಟ. ದಲಾಲರು ಉಳಿದಿಬ್ಬರ ಮನೆಗೆ ಬಂದರು. ದಲಾಲರದ್ದು ತಪ್ಪಿಲ್ಲ, ಅವರು ಫರ್ಮಿಗೆ ಮಾಲು ಕೊಟ್ಟವರು.

ಕಾನೂನು ಇಲ್ಲಿ ಬಹಳ ಗಟ್ಟಿ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಪ್ರತಿಯೊಬ್ಬ ಪಾಲುದಾರನೂ ಫರ್ಮಿನ ಏಜೆಂಟ್. ವ್ಯವಹಾರದ ಮಾಮೂಲಿ ಕೆಲಸಕ್ಕೆ ಅವನೊಬ್ಬ ಹೂಂ ಅಂದರೂ ಫರ್ಮ್ ಹೂಂ ಅಂದ ಹಾಗೆ. ಕಲಂ 25ರ ಪ್ರಕಾರ ಫರ್ಮಿನ ಸಾಲಕ್ಕೆ ಎಲ್ಲರೂ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಹೊಣೆ. ಅಂದರೆ ಮೂರರಲ್ಲಿ ಒಂದು ಪಾಲು ಇದ್ದವನ ಮನೆ, ಹೊಲದಿಂದಲೂ ಪೂರ್ತಿ ಬಾಕಿ ವಸೂಲಿ ಮಾಡಬಹುದು. "ಮಾಲು ಎತ್ತಿದ್ದು ಅವನು, ನಾವಲ್ಲ" ಅನ್ನುವ ಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಪತ್ರವೇ ಇಲ್ಲದಿದ್ದರೂ ಅಪಾಯ ಇದ್ದೇ ಇದೆ. ಒಬ್ಬರನ್ನು "ಇವರು ನಮ್ಮ ಪಾರ್ಟ್ನರ್" ಅಂತ ಪರಿಚಯಿಸಿ, ವಿಸಿಟಿಂಗ್ ಕಾರ್ಡ್ ಮಾಡಿಸಿಕೊಟ್ಟು, ಮಾಲು ಎತ್ತಲು ಕಳಿಸಿದರೆ, ಅವರನ್ನು ನಂಬಿ ಉದ್ರಿ ಕೊಟ್ಟವರು ನಿಮ್ಮ ಬಾಗಿಲಿಗೇ ಬರುತ್ತಾರೆ.

ನೋಂದಣಿ ಮಾಡಿಸದೆ ಬಿಟ್ಟದ್ದು ಎರಡನೇ ಪೆಟ್ಟು. ಕಲಂ 69ರ ಪ್ರಕಾರ ನೋಂದಣಿಯಾಗದ ಫರ್ಮಿನ ಪಾಲುದಾರ ಕರಾರಿನ ಹಕ್ಕಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡುವಂತಿಲ್ಲ. ಫರ್ಮ್ ಕೂಡ ಹೊರಗಿನವರ ಮೇಲೆ ಹೂಡುವಂತಿಲ್ಲ. ಹೊರಗಿನವರು ಫರ್ಮಿನ ಮೇಲೆ ಹೂಡಲು ಮಾತ್ರ ಅಡ್ಡಿ ಇಲ್ಲ. ಉಳಿಯುವುದು ಫರ್ಮ್ ವಿಸರ್ಜನೆ ಮತ್ತು ಲೆಕ್ಕಪತ್ರ ಕೇಳುವ ದಾವೆ. ಈಗಲಾದರೂ ನೋಂದಾಯಿಸೋಣ ಅಂದರೆ ಕಲಂ 58ರ ಅರ್ಜಿಗೆ ಎಲ್ಲ ಪಾಲುದಾರರ ಸಹಿ ಬೇಕು. ಓಡಿಹೋದವನು ಬಂದು ಸಹಿ ಹಾಕುತ್ತಾನೆಯೇ? ಹಾಗಾಗಿ ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕುವ ದಿನವೇ ನೋಂದಣಿ ಅರ್ಜಿಗೂ ಎಲ್ಲರ ಸಹಿ ಆಗಲೇಬೇಕು. ಒಬ್ಬರು ತಕರಾರು ತೆಗೆದರೆ ಪತ್ರವನ್ನೂ ಅಲ್ಲೇ ನಿಲ್ಲಿಸಿ.

ಬ್ರ್ಯಾಂಡ್ ಹೆಸರೂ ಕೈತಪ್ಪಿತ್ತು. "ಟ್ರೇಡ್‌ಮಾರ್ಕ್ ನಾನ ಹಾಕಸ್ತೇನಿ" ಅಂದವನು ಅರ್ಜಿಯನ್ನು ತನ್ನ ಹೆಸರಲ್ಲೇ ಹಾಕಿದ್ದ. ಟ್ರೇಡ್‌ಮಾರ್ಕ್‌ಗೆ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಮಸಾಲೆ ಪದಾರ್ಥಗಳು 30ನೇ ವರ್ಗದಲ್ಲಿ ಬರುತ್ತವೆ. ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ ಸ್ಟಾರ್ಟಪ್, ಸಣ್ಣ ಉದ್ಯಮ ಅಥವಾ ವ್ಯಕ್ತಿಯ ಹೆಸರಲ್ಲಾದರೆ ಶುಲ್ಕ 4,500 ರೂಪಾಯಿ. ಇಷ್ಟು ರೊಕ್ಕ ಉಳಿಸಲು ಹೆಸರನ್ನೇ ಬೇರೆಯವರ ಕೈಗೆ ಕೊಡಬೇಡಿ. ಹೀಗೆ ಆಗಿಹೋಗಿದ್ದರೆ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ 4 ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ನೀವು ಮೊದಲಿಂದ ಆ ಹೆಸರು ಬಳಸಿದ್ದಕ್ಕೆ ಹಳೇ ಬಿಲ್, ಪ್ಯಾಕೆಟ್ ಪ್ರಿಂಟಿಂಗ್ ರಸೀದಿಗಳೇ ಸಾಕ್ಷಿ.

ಇದಕ್ಕಿಂತಲೂ ಸಣ್ಣದಾಗಿ ಕಾಣುವ, ಆದರೆ ದಿನನಿತ್ಯದ ವ್ಯವಹಾರವನ್ನೇ ನಿಲ್ಲಿಸುವ ಸಂಗತಿ ಓಟಿಪಿ. ಜಿಎಸ್‌ಟಿ, ಬ್ಯಾಂಕ್, ಉದ್ಯಮ್ (ಸಣ್ಣ ಉದ್ಯಮದ ನೋಂದಣಿ), ಎಫ್‌ಎಸ್‌ಎಸ್‌ಎಐ (ಆಹಾರ ಪದಾರ್ಥದ ಪರವಾನಗಿ), ವೆಬ್‌ಸೈಟ್ ಡೊಮೇನ್, ಆನ್‌ಲೈನ್ ಮಾರಾಟದ ಖಾತೆ, ವಾಟ್ಸಾಪ್ ಬಿಸಿನೆಸ್: ಇವುಗಳ ಪೈಕಿ ಯಾವುದಕ್ಕೆ ಯಾರ ಮೊಬೈಲ್ ನಂಬರ್ ಕೊಟ್ಟಿದೆ ಅಂತ ಒಂದು ಹಾಳೆಯಲ್ಲಿ ಬರೆದುನೋಡಿ. ಉದ್ಯಮದ ಹೆಸರಲ್ಲೇ ಒಂದು ಸಿಮ್ ತೆಗೆದು ಎಲ್ಲದಕ್ಕೂ ಅದನ್ನೇ ಕೊಡುವುದು ಒಳ್ಳೆಯದು. ಹೊಸ ಪಾರ್ಟ್ನರ್ "ಓಡಾಟ ಎಲ್ಲಾ ನಂದು, ನನ್ನ ನಂಬರ್ ಇರಲಿ" ಅಂದರೆ ಒಪ್ಪಬೇಡಿ.

ಇನ್ನು ಮನುಷ್ಯನನ್ನು ಪರೀಕ್ಷಿಸುವ ಬಗೆ. ವಿಸಿಟಿಂಗ್ ಕಾರ್ಡ್‌ನಲ್ಲಿರುವ ಜಿಎಸ್‌ಟಿ ನಂಬರ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಕೇಳಿ ಪಡೆಯಿರಿ. ಅದರಲ್ಲಿ 15 ಅಕ್ಷರ-ಅಂಕಿ ಇರುತ್ತವೆ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರ್. ಒಟ್ಟಾರೆ ಎಣಿಸಿದರೆ ಆರನೇ ಅಕ್ಷರ ಮುಖ್ಯ: ಪಿ ಇದ್ದರೆ ಒಬ್ಬ ವ್ಯಕ್ತಿಯ ಹೆಸರಿನ ವ್ಯವಹಾರ, ಎಫ್ ಇದ್ದರೆ ಪಾಲುದಾರಿಕೆ, ಸಿ ಇದ್ದರೆ ಕಂಪನಿ. ಕಾರ್ಡ್ ಮೇಲೆ "ಗ್ರೂಪ್ ಆಫ್ ಕಂಪನೀಸ್" ಅಂತಿದ್ದು ಆರನೇ ಅಕ್ಷರ ಪಿ ಆಗಿದ್ದರೆ ಆ ಕಂಪನಿಗಳು ಯಾವುವು ಅಂತ ನೇರವಾಗಿ ಕೇಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಈ ನಂಬರ್ ಹಾಕಿ ಹುಡುಕಬಹುದು. ನೋಂದಣಿ ಯಾವಾಗ ಆಯಿತು, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ರಿಟರ್ನ್‌ಗಳನ್ನು ಯಾವ ತಿಂಗಳವರೆಗೆ ಸಲ್ಲಿಸಿದ್ದಾರೆ ಎಲ್ಲವೂ ಕಾಣುತ್ತದೆ. ಹತ್ತು ವರ್ಷದ ಅನುಭವ ಹೇಳುವವರ ನೋಂದಣಿ ಹೋದ ವರ್ಷದ್ದಾಗಿದ್ದರೆ ಕಾರಣ ಕೇಳಿ. ಕಾರಣ ಇರಲೂಬಹುದು.

ತಮ್ಮದು ಕಂಪನಿ ಅಥವಾ ಎಲ್‌ಎಲ್‌ಪಿ (ಪಾಲುದಾರರ ಹೊಣೆಗೆ ಮಿತಿ ಇರುವ ಪಾಲುದಾರಿಕೆ) ಅಂದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಮಾಸ್ಟರ್ ಡೇಟಾ, ಅಂದರೆ ಅದರ ಮೂಲ ವಿವರ ನೋಡಿ. ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು, ಸಾಲದ ಚಾರ್ಜ್ (ಸಾಲಕ್ಕಾಗಿ ಆಸ್ತಿ ಮೇಲಿನ ಹಕ್ಕು) ಇದೆಯೇ ಅಂತ ಗಮನಿಸಿ. ಸತತ 3 ವರ್ಷ ಲೆಕ್ಕ ಸಲ್ಲಿಸದ ಕಂಪನಿಯ ನಿರ್ದೇಶಕರು 5 ವರ್ಷ ಅನರ್ಹರಾಗುತ್ತಾರೆ. ಅಂಥವರನ್ನು ನಿಮ್ಮ ಕಂಪನಿಯಲ್ಲಿ ಡೈರೆಕ್ಟರ್ ಮಾಡಲು ಬರುವುದಿಲ್ಲ. ಆಮೇಲೆ ಕೋರ್ಟ್ ಪ್ರಕರಣಗಳ ವಿವರ ಸಿಗುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಆಯ್ದು, ಪಕ್ಷಗಾರರ ಹೆಸರಿನಿಂದ ವರ್ಷವರ್ಷವಾಗಿ ಹುಡುಕಿ. ಇಂಗ್ಲಿಷ್ ಸ್ಪೆಲ್ಲಿಂಗ್ ಎರಡು ಮೂರು ಬಗೆಯಲ್ಲಿ ಹಾಕಿ ನೋಡಿ, ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಕಣ್ಣಿಡಬೇಕಾದದ್ದು ಚೆಕ್ ಬೌನ್ಸ್ ಪ್ರಕರಣಗಳ ಮೇಲೆ. ಒಂದು ಪ್ರಕರಣ ಯಾರಿಗಾದರೂ ಬಂದೀತು. ಬೇರೆಬೇರೆ ವ್ಯಾಪಾರಿಗಳು ಹಾಕಿದ ನಾಲ್ಕೈದು ಇದ್ದರೆ ಅಲ್ಲಿಗೆ ಕೈ ಮುಗಿದು ಬಿಡಿ.

ಕಾಗದಕ್ಕಿಂತ ಬೇಗ ಬಣ್ಣ ಬಯಲು ಮಾಡುವ ಪರೀಕ್ಷೆ ಇನ್ನೊಂದಿದೆ. ಯಾರ ಪರಿಚಯ ಇದೆ ಅಂತ ಹೇಳುತ್ತಾರೋ ಅವರ ಜೊತೆ ಎರಡು ವಾರದೊಳಗೆ ಮೂವರೂ ಕೂತು ಮಾತಾಡುವ ಹಾಗೆ ಮಾಡಿಸಲು ಹೇಳಿ. ನಿಜವಾಗಿ ಸಂಪರ್ಕ ಇರುವವರು ಮಾಡಿಸುತ್ತಾರೆ. "ಸಹಿ ಆಗೋತನಕ ಹೆಸರು ಹೇಳಂಗಿಲ್ಲ" ಅನ್ನುವವರ ಹತ್ತಿರ ಹೆಸರೇ ಇರುವುದಿಲ್ಲ.

ಪರಿಚಯಕ್ಕೆ ಬೆಲೆ ಕೊಡಬಾರದು ಅಂತಲ್ಲ. ನಮ್ಮ ಕಡೆ ಮಾರುಕಟ್ಟೆ ನಡೆಯುವುದೇ ದಲಾಲಿ ಮೇಲೆ. ಹಾಗೇ ಇದಕ್ಕೂ ಕಮಿಷನ್ ಕೊಡಿ, ಪಾಲು ಬೇಡ. ಕರಾರಿನಲ್ಲಿ ಗಿರಾಕಿಯ ಹೆಸರು, ಶೇಕಡಾವಾರು, ಎಷ್ಟು ತಿಂಗಳು ಅನ್ನುವುದು ಇರಬೇಕು. ಕಮಿಷನ್ ಆರ್ಡರ್ ಬಂದಾಗ ಅಲ್ಲ, ಗಿರಾಕಿಯ ರೊಕ್ಕ ಖಾತೆಗೆ ಜಮಾ ಆದ ಮೇಲೆ. ಸೂಪರ್‌ಮಾರ್ಕೆಟ್‌ಗಳು ಮಾಲು ವಾಪಸ್ ಕಳಿಸುವುದುಂಟು, ಅದನ್ನು ಕಳೆದೇ ಲೆಕ್ಕ ಹಾಕಬೇಕು. ಫರ್ಮಿನ ಹೆಸರಲ್ಲಿ ಉದ್ರಿ ಎತ್ತುವ, ಸಹಿ ಹಾಕುವ ಅಧಿಕಾರ ಅವರಿಗೆ ಇಲ್ಲ ಅನ್ನುವ ಸಾಲು ಬಿಡಲೇಬೇಡಿ.

ಕೆಲಸ ನೋಡಿದ ಮೇಲೂ ಪಾಲು ಕೊಡುವ ಮನಸ್ಸಿದ್ದರೆ ಸಾದಾ ಪಾಲುದಾರಿಕೆ ಬಿಟ್ಟು ಎಲ್‌ಎಲ್‌ಪಿ ಅಥವಾ ಪ್ರೈವೇಟ್ ಲಿಮಿಟೆಡ್ ಮಾಡಿ, ಪಾಲನ್ನು ವೆಸ್ಟಿಂಗ್ ಮೇಲೆ, ಅಂದರೆ ಜೊತೆಗಿದ್ದು ಕೆಲಸ ಮಾಡಿದ ಕಾಲಕ್ಕೆ ತಕ್ಕಂತೆ ಕಂತಿನಲ್ಲಿ ಕೊಡಿ. ಶೇ 20 ಅಂತ ಒಪ್ಪಿದ್ದರೆ ಮೊದಲ 12 ತಿಂಗಳು ಏನೂ ಇಲ್ಲ, ವರ್ಷ ತುಂಬಿದಾಗ ಶೇ 5, ಉಳಿದದ್ದು ಮುಂದಿನ 36 ತಿಂಗಳಲ್ಲಿ ಹಂತಹಂತವಾಗಿ. ನಡುವೆ ಬಿಟ್ಟುಹೋದರೆ ಬಾಕಿ ಪಾಲು ಸಂಸ್ಥಾಪಕರದ್ದೇ. ಕಂಪನಿಯಲ್ಲಿ ಶೇ 25ಕ್ಕಿಂತ ಹೆಚ್ಚು ಮತ ಇದ್ದವರು ವಿಶೇಷ ನಿರ್ಣಯವನ್ನು (ಮುಕ್ಕಾಲು ಪಾಲು ಮತ ಬೇಕಾದ ದೊಡ್ಡ ತೀರ್ಮಾನ) ತಡೆಯಬಹುದು ಅನ್ನುವುದು ನೆನಪಿರಲಿ. ಮೂರರಲ್ಲಿ ಒಂದು ಅಂದರೆ ಆ ಬೀಗದ ಕೈ ಕೊಟ್ಟಂತೆಯೇ. ಅರ್ಧ-ಅರ್ಧ ಇನ್ನೂ ಕೆಟ್ಟದ್ದು, ನಿರ್ದೇಶಕನನ್ನು ತೆಗೆಯಲು ಬೇಕಾದ ಸಾಮಾನ್ಯ ಬಹುಮತವೂ ಸಿಗುವುದಿಲ್ಲ.

ಒಳ್ಳೆಯ ಜನ ಸಿಗುವ ಜಾಗಗಳು ಇಲ್ಲಿ ಬೇಕಾದಷ್ಟಿವೆ: ದೇಶಪಾಂಡೆ ಸ್ಟಾರ್ಟಪ್ಸ್, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಇನ್‌ಕ್ಯುಬೇಷನ್ ಕೇಂದ್ರ (ಹೊಸ ಉದ್ಯಮಗಳಿಗೆ ನೆರವಾಗುವ ಜಾಗ), 1928ರಿಂದ ಇರುವ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ. ಆದರೆ ಸಭೆಗೆ ಬಂದವರನ್ನೆಲ್ಲ ಸಂಸ್ಥೆ ಪರೀಕ್ಷಿಸಿರುವುದಿಲ್ಲ. ವೇದಿಕೆ ಮೇಲಿನವರ ಜೊತೆಗಿನ ಫೋಟೋ ಯಾರ ಹತ್ತಿರವೂ ಇರಬಹುದು.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಬ್ಯಾಂಕಿಗೆ ಲಿಖಿತ ಪತ್ರ ಕೊಟ್ಟು, ಎಲ್ಲರ ಸಹಿ ಇಲ್ಲದೆ ಹಣ ಹೋಗದಂತೆ ಮಾಡಿ. ಸಹಿ ಹಾಕಿದ ಖಾಲಿ ಚೆಕ್ ಅವರ ಬಳಿ ಇದ್ದರೆ ನಂಬರ್ ಸಮೇತ ಆ ಪತ್ರದಲ್ಲೇ ಬರೆಯಿರಿ. ಚೆಕ್ ಬೌನ್ಸ್ ನೋಟಿಸ್ ಬಂದರೆ ಹಣ ಕಟ್ಟಲು ಇರುವುದು 15 ದಿನ, ಆದ್ದರಿಂದ ಅದೇ ದಿನ ವಕೀಲರನ್ನು ನೋಡಿ. ಅವಧಿ ನಿಗದಿಯಾಗದ ಪಾಲುದಾರಿಕೆಯಾದರೆ ಪಾಲುದಾರಿಕೆ ಕಾಯ್ದೆಯ ಕಲಂ 43ರಂತೆ ಲಿಖಿತ ನೋಟಿಸ್ ಕೊಟ್ಟು ವಿಸರ್ಜಿಸಬಹುದು. ಅಷ್ಟಕ್ಕೇ ನಿಲ್ಲಿಸಬೇಡಿ: ಸಾರ್ವಜನಿಕ ಪ್ರಕಟಣೆ ಆಗುವ ತನಕ ಆ ವ್ಯಕ್ತಿ ಮಾಡುವ ಉದ್ರಿಗೆ ನಿಮ್ಮ ಹೊಣೆ ಮುಂದುವರಿಯುತ್ತದೆ. ಪ್ರಕಟಣೆ ರಾಜ್ಯಪತ್ರದಲ್ಲೂ ಜಿಲ್ಲೆಯಲ್ಲಿ ಓಡುವ ಒಂದು ಕನ್ನಡ ಪತ್ರಿಕೆಯಲ್ಲೂ ಬರಬೇಕು, ಫರ್ಮ್ ನೋಂದಣಿಯಾಗಿದ್ದರೆ ನೋಂದಣಾಧಿಕಾರಿಗೂ ತಿಳಿಸಬೇಕು. ಜೊತೆಗೆ ನೀವು ವ್ಯವಹರಿಸುವ ಪ್ರತಿಯೊಬ್ಬ ದಲಾಲರಿಗೂ ಗಿರಣಿಯವರಿಗೂ ಅದೇ ವಾರ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ, ತಲುಪಿದ ದಾಖಲೆ ತೆಗೆದಿಡಿ.