ಲ್ಯಾವೆನ್‌ಹ್ಯಾಮೋ, ವೆಬ್ಲಿಯೋ?

ಇಂಗ್ಲೆಂಡಿನ ಹಳೇ ಮರದ ಚೌಕಟ್ಟಿನ ಮನೆ ನೋಡಲು ಒಂದೇ ದಿನ ಇದ್ದರೆ? ನನ್ನ ಓಟು ಸಫೋಕ್‌ನ ಲ್ಯಾವೆನ್‌ಹ್ಯಾಮ್‌ಗೆ. ಉಣ್ಣೆ ಬಟ್ಟೆಯ ವ್ಯಾಪಾರದಲ್ಲಿ ದುಡ್ಡು ಕಂಡ ಊರು. ಓಕ್ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದಾರೆ. ಭಾರ ಹೊರಲು ಅಷ್ಟು ಬೇಕಿರಲಿಲ್ಲ, ಎಲ್ಲಾ ಸಿರಿವಂತಿಕೆಯ ಜಂಬ. 1530ರ ಸುಮಾರಿನ ಗಿಲ್ಡ್‌ಹಾಲ್ (ಆಗಿನ ಸಂಘವೊಂದರ ಸಭಾಭವನ) ತಪ್ಪಿಸಬೇಡಿ. ಹಸಿ ಮರದಲ್ಲೇ ಕಟ್ಟಿದ್ದು ಒಣಗುತ್ತಾ ಬಾಗಿ, ಕೆಲವು ಮನೆಗಳು ಪಕ್ಕದವರ ಹೆಗಲಿಗೆ ಒರಗಿ ಹರಟೆ ಹೊಡೆಯುವಂತಿವೆ.

ಹೆರೆಫರ್ಡ್‌ಶೈರ್‌ನ ವೆಬ್ಲಿಯಲ್ಲಿ ಕಂಬಗಳು ದೂರ ದೂರ, ನಡುವೆ ಚೌಕಗಳು. ಅವುಗಳೊಳಗೆ ತಡಿಕೆ ಹೆಣೆದು ಹುಲ್ಲು, ಸಗಣಿ ಕಲಸಿದ ಮಣ್ಣು ಮೆತ್ತುತ್ತಿದ್ದರು. ಫೋಟೋಗೆ ಇದೇ ಚೆಂದ. ಆದರೆ ಈ ಬಗೆಯ ಮನೆಗಳ ಕಡುಕಪ್ಪು-ಬಿಳುಪು ಬಹುಪಾಲು 19ನೇ ಶತಮಾನದ ಷೋಕಿ!

ಎರಡೂ ಊರಿಗೆ ರೈಲಿಲ್ಲ. ಮೊದಲನೆಯದಕ್ಕೆ ಸಡ್‌ಬರಿಯಲ್ಲಿ, ಎರಡನೆಯದಕ್ಕೆ ಹೆರೆಫರ್ಡ್‌ನಲ್ಲಿ ಇಳಿದು ರಸ್ತೆ ಹಿಡಿಯಬೇಕು.