ಒರ್ವಿಯೆಟೊನಾ, ಸಾನ್ ಜಿಮಿನ್ಯಾನೊನಾ?

ಇಟಲಿಗೆ ಹೊರಟವರಿಗೆ ಗುಡ್ಡದ ಮೇಲಿನ ಹಳೇ ಊರೊಂದನ್ನು ನೋಡುವ ಆಸೆ ಇದ್ದೇ ಇರುತ್ತದೆ. ನಾವು ಎರಡು ನೋಡಿದೆವು. ಕಾರಿಲ್ಲದೆ, ಮಂಡಿ ನೋವಿರುವ ಅತ್ತೆಯವರನ್ನು ಕರೆದುಕೊಂಡು. ಫೋಟೊ ನೋಡಿ ಆರಿಸುವುದಾದರೆ ಸಾನ್ ಜಿಮಿನ್ಯಾನೊ ಗೆಲ್ಲುತ್ತದೆ. ಹೋಗಿ ಬರುವ ಕಷ್ಟ ನೋಡಿದರೆ ಒರ್ವಿಯೆಟೊ.

ಒರ್ವಿಯೆಟೊಗೆ ರೋಮ್‌ನಿಂದ ನೇರ ರೈಲಿದೆ, ಸುಮಾರು ಒಂದೂಕಾಲು ಗಂಟೆ. ಊರು ಕಡಿದಾದ ಬಂಡೆಯ ಮೇಲೆ, ರೈಲು ನಿಲ್ದಾಣ ಕೆಳಗೆ. ನಿಲ್ದಾಣದ ಎದುರಿಗೇ ಫ್ಯೂನಿಕ್ಯುಲರ್, ಅಂದರೆ ಕೇಬಲ್ ಎಳೆಯುವ ಪುಟ್ಟ ರೈಲು. 1888ರಲ್ಲಿ ಶುರುವಾದಾಗ ನೀರಿನ ಭಾರದಿಂದಲೇ ಓಡುತ್ತಿತ್ತಂತೆ, ಈಗ ಕರೆಂಟು. ಮೇಲೆ ಇಳಿದರೆ ದೊಡ್ಡ ಚರ್ಚಿಗೆ ಸಣ್ಣ ಬಸ್ಸು. "ಇಷ್ಟೇನಾ? ಹತ್ತೋದೇ ಇಲ್ವಾ?" ಅಂದರು ಅತ್ತೆ.

ಫ್ಯೂನಿಕ್ಯುಲರ್ ಪಕ್ಕದಲ್ಲೇ ಸಾನ್ ಪತ್ರಿಜಿಯೊ ಬಾವಿ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ಇಲ್ಲಿಗೆ ಓಡಿಬಂದ. ಮುತ್ತಿಗೆ ಬಿದ್ದರೆ ನೀರಿಗೆ ಏನು ಗತಿ ಅಂತ ಇದನ್ನು ತೋಡಿಸಿದ. ಇಳಿಯಲು ಒಂದು ಸುರುಳಿ ದಾರಿ, ಹತ್ತಲು ಇನ್ನೊಂದು, ಎರಡರಲ್ಲೂ 248 ಮೆಟ್ಟಿಲು. ನೀರು ಹೊರುವ ಹೇಸರಗತ್ತೆಗಳು ಎದುರುಬದುರಾಗಿ ಸಿಕ್ಕಿಹಾಕಿಕೊಳ್ಳಬಾರದು ಅಂತ ಈ ಉಪಾಯ. ಇಳಿಯುತ್ತಾ ನಡುವಿನ ಕಿಟಕಿಯಿಂದ ನೋಡಿದರೆ ಎದುರಿನ ಕಿಟಕಿಯಲ್ಲಿ ಹತ್ತುವವರ ಮುಖ ಕಾಣುತ್ತದೆ, ಆದರೆ ಅವರು ನಮ್ಮ ದಾರಿಗೆ ಸಿಗುವುದೇ ಇಲ್ಲ. ಮೆಟ್ಟಿಲು ಅಗಲ, ಎತ್ತರ ಕಮ್ಮಿ. ಆದರೂ ಮಂಡಿ ನೋವಿದ್ದವರು ಮೇಲಿನ ಪಾರ್ಕಿನಲ್ಲಿ ಕೂರುವುದೇ ವಾಸಿ. ಚರ್ಚಿನೊಳಗೆ ಸಿಞೊರೆಲ್ಲಿ ಬಿಡಿಸಿದ ಪ್ರಳಯದ ಚಿತ್ರಗಳನ್ನಂತೂ ಬಿಡಬೇಡಿ. ದೆವ್ವಗಳ ಮೈಬಣ್ಣ ಒಂದೊಂದೂ ಒಂದೊಂದು ಥರ. ಭುಜ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ.

ಸಾನ್ ಜಿಮಿನ್ಯಾನೊಗೆ ರೈಲಿಲ್ಲ. ಫ್ಲಾರೆನ್ಸ್‌ನಿಂದ ಪೊಜ್ಜಿಬೊನ್ಸಿವರೆಗೆ ರೈಲು, ಕೆಲವು ರೈಲಿಗೆ ಎಂಪೊಲಿಯಲ್ಲಿ ಬದಲಿಸಬೇಕು. ಆಮೇಲೆ ಬಸ್ಸು. ಊರಬಾಗಿಲಿಂದ ಒಳಗೆ ಏರು ರಸ್ತೆ, ಕಲ್ಲು ಹಾಸು. ಗಾಲಿ ಸೂಟ್‌ಕೇಸ್ ಎಳೆಯುವವರ ಪಾಡು ಬೇಡ, ಬೆನ್ನಿಗೆ ಹಾಕುವ ಬ್ಯಾಗೇ ಸರಿ.

ಹಿಂದೆ ಇಲ್ಲಿ 72 ಗೋಪುರ ಇದ್ದವಂತೆ, ಉಳಿದಿರುವುದು 14. ಶ್ರೀಮಂತ ಮನೆತನಗಳು ಒಬ್ಬರಿಗಿಂತ ಒಬ್ಬರು ಎತ್ತರಕ್ಕೆ ಕಟ್ಟಿದ ಜಂಬದ ಲೆಕ್ಕ ಅದು. ಹತ್ತಬಹುದಾದ್ದು ತೊರ್ರೆ ಗ್ರೊಸ್ಸಾ, 54 ಮೀಟರ್. ಮೇಲಿನಿಂದ ಕಾಣುವ ದ್ರಾಕ್ಷಿ ತೋಟಗಳ ನೋಟ ಒರ್ವಿಯೆಟೊದಲ್ಲಿ ಇಲ್ಲ, ಒಪ್ಪಲೇಬೇಕು. ಆದರೆ ಮಧ್ಯಾಹ್ನ ಮುಖ್ಯ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಟೂರಿಸ್ಟ್ ಬಸ್ಸುಗಳು ಸಂಜೆ ಹೊರಟ ಮೇಲೆ ಅದೇ ಬೀದಿ ಬೇರೆ ಊರೇ ಆಗುತ್ತದೆ. ಹಾಗಾಗಿ ಇಲ್ಲಿ ರಾತ್ರಿ ಉಳಿಯುವುದಾದರೆ ಮಾತ್ರ ಬನ್ನಿ. ಒರ್ವಿಯೆಟೊ ಬೆಳಗ್ಗೆ ಹೋಗಿ ಸಂಜೆ ಬರಲು ಸಾಕು.

ಊಟದಲ್ಲಿ ಎರಡೂ ಸಮ. ಸಸ್ಯಾಹಾರಿಗಳಿಗೆ ಒರ್ವಿಯೆಟೊದಲ್ಲಿ ಉಂಬ್ರಿಕೆಲ್ಲಿ, ಸಾನ್ ಜಿಮಿನ್ಯಾನೊದಲ್ಲಿ ಪೀಚಿ, ಎರಡೂ ದಪ್ಪ ಶಾವಿಗೆಯ ಹಾಗೆ. ಟೊಮೆಟೊ, ಬೆಳ್ಳುಳ್ಳಿ ಸಾಸಿನಲ್ಲಿ ಕೇಳಿ. "ಸೆಂತ್ಸಾ ಕಾರ್ನೆ", ಮಾಂಸ ಬೇಡ ಅಂತ ಹೇಳಿಯೇ ಆರ್ಡರ್ ಮಾಡಿ, ಸೂಪಿನಲ್ಲೂ ಹಂದಿಮಾಂಸದ ಚೂರು ಇರಬಹುದು. ಮಧ್ಯಾಹ್ನ ಎರಡೂವರೆ ದಾಟಿದರೆ ಬಹಳಷ್ಟು ಅಡುಗೆಮನೆ ಮುಚ್ಚಿರುತ್ತವೆ, ಮತ್ತೆ ತೆರೆಯುವುದು ಏಳರ ಮೇಲೆ. ಬಿಲ್ಲಿನಲ್ಲಿ ಕೊಪೆರ್ತೊ ಅಂತ ಇದ್ದರೆ ಜಗಳ ಮಾಡಬೇಡಿ, ಅದು ತಲೆಗಿಷ್ಟು ಅಂತ ಹಾಕುವ ಮಾಮೂಲಿ ಚಾರ್ಜು.

ಪ್ರಾದೇಶಿಕ ರೈಲಿನ ಕಾಗದದ ಟಿಕೆಟಿಗೆ ಹತ್ತುವ ಮೊದಲೇ ಮಷಿನ್ನಿನಲ್ಲಿ ಮುದ್ರೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ದಂಡ. ಸಾನ್ ಜಿಮಿನ್ಯಾನೊಗೆ ಭಾನುವಾರ ಬಸ್ಸು ಕಮ್ಮಿ. ವಾಪಸ್ ಬರುವ ಕೊನೇ ಬಸ್ಸಿನ ಸಮಯವನ್ನು ಪೊಜ್ಜಿಬೊನ್ಸಿಯಲ್ಲೇ ನೋಡಿಕೊಂಡು ಹತ್ತಿ.